ಅಣುಬಾಂಬ್ ಹಾಕಿದ್ದು ಸರಿಯೇ? ಮೊದಲು ‘ಹಾಕೋಣ’ ಅಂದವರನ್ನು ಹುಡುಕೋಣ

ಪ್ರಶ್ನೆ: ನನ್ನ ಮಗಳು ಹತ್ತನೇ ಕ್ಲಾಸು. ‘ಯುದ್ಧ ನಿಲ್ಲಿಸಲು ಜಪಾನಿನ ಮೇಲೆ ಅಣುಬಾಂಬ್ ಹಾಕಿದ್ದು ಸರಿ’ ಅನ್ನುವ ವಿಷಯದ ಪರವಾಗಿ ಶಾಲೆಯ ಚರ್ಚಾ ಸ್ಪರ್ಧೆಯಲ್ಲಿ ಮಾತಾಡಬೇಕಂತೆ. ‘ಹಾಕದೇ ಇದ್ದಿದ್ದರೆ ಹತ್ತು ಲಕ್ಷ ಜನ ಸಾಯ್ತಿದ್ರು, ಹಾಕಿದ್ದರಿಂದ ಎರಡು ಲಕ್ಷಕ್ಕೆ ಮುಗೀತು, ಲೆಕ್ಕ ಸರಿಯಾಗೇ ಇದೆಯಲ್ಲಮ್ಮ’ ಅಂತಾಳೆ. ನನಗೆ ಒಪ್ಪಲು ಮನಸ್ಸಿಲ್ಲ. ಆದರೆ ತಿರುಗಿ ಏನು ಹೇಳಬೇಕು ಅಂತಲೂ ಹೊಳೆಯುತ್ತಿಲ್ಲ. ಏನು ಹೇಳಲಿ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಗಳ ಲೆಕ್ಕವನ್ನು ಒಂದೇ ಏಟಿಗೆ ‘ತಪ್ಪು’ ಅನ್ನಬೇಡಿ. ಅಂದರೆ ಮುಂದಿನ ಮಾತು ಅವಳ ಕಿವಿಗೆ ಬೀಳುವುದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಎರಡನೇ ಮಹಾಯುದ್ಧದ ಪಾಠ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಇದೇ ಲೆಕ್ಕ ಬರುತ್ತಿತ್ತು. ಸಂಖ್ಯೆ ಮಾತ್ರ ಬೇರೆ. ಒಬ್ಬ ಐದು ಲಕ್ಷ ಅಂದರೆ ಇನ್ನೊಬ್ಬ ಇಪ್ಪತ್ತು ಲಕ್ಷ ಅನ್ನುತ್ತಿದ್ದ. ಎಂಟು ಲಕ್ಷ ಜೀವ ಉಳಿಯುತ್ತದೆ ಅಂದರೆ ಬೇಡ ಅನ್ನುವವರು ಯಾರು? ಹಾಗಾಗಿ ಲೆಕ್ಕದೊಳಗೆ ಇಳಿದೇ ನೋಡೋಣ.

ಆ ಹತ್ತು ಲಕ್ಷ ಬಂದದ್ದು ಎಲ್ಲಿಂದ? ಯುದ್ಧದ ಹೊತ್ತಿನಲ್ಲಿ ಅಮೆರಿಕದ ಯುದ್ಧ ಮಂತ್ರಿಯಾಗಿದ್ದವರು ಹೆನ್ರಿ ಸ್ಟಿಮ್ಸನ್. 1947ರ ಆರಂಭದಲ್ಲಿ ಅವರು ಒಂದು ಮಾಸಪತ್ರಿಕೆಗೆ ಲೇಖನ ಬರೆದರು. ಅಷ್ಟರಲ್ಲಾಗಲೇ ಅಮೆರಿಕದೊಳಗೇ ಬಾಂಬ್ ಬಗ್ಗೆ ಪ್ರಶ್ನೆಗಳು ಎದ್ದಿದ್ದವು. ಅವುಗಳಿಗೆ ಉತ್ತರವಾಗಿ ಬಂದ ಲೇಖನ ಅದು. ಜಪಾನಿನ ನೆಲಕ್ಕೆ ಇಳಿದು ಹೋರಾಡಿದ್ದರೆ ಅಮೆರಿಕದ ಸೈನ್ಯವೊಂದಕ್ಕೇ ಹತ್ತು ಲಕ್ಷ ಮೀರಿ ಹಾನಿ ಆಗಬಹುದು ಅಂತ ತಮಗೆ ತಿಳಿಸಿದ್ದರು ಎಂದು ಅವರು ಬರೆದರು. ಸೈನ್ಯದ ಭಾಷೆಯಲ್ಲಿ ಆ ಹಾನಿ ಅಂದರೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿದ ಸಂಖ್ಯೆ. ಬಾಯಿಂದ ಬಾಯಿಗೆ ದಾಟುತ್ತ ದಾಟುತ್ತ ಗಾಯಾಳುಗಳೂ ಸತ್ತುಹೋದರು. ಈಗ ಅದು ನಿಮ್ಮ ಮಗಳ ಬಾಯಲ್ಲಿ ‘ಹತ್ತು ಲಕ್ಷ ಸಾವು’.

ಯುದ್ಧ ನಡೆಯುತ್ತಿದ್ದಾಗ, 1945ರ ಜೂನ್ ಮಧ್ಯದಲ್ಲಿ, ಸೇನೆಯ ಯೋಜನೆಕಾರರು ಹಾಕಿದ್ದ ಒಂದು ಅಂದಾಜು ಬೇರೆಯೇ ಇತ್ತು. ದಾಳಿ ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನು ನೋಡಿಕೊಂಡು 25,000ದಿಂದ 46,000 ಅಮೆರಿಕನ್ ಸೈನಿಕರು ಸಾಯಬಹುದು ಅಂತ ಅವರು ಹೇಳಿದ್ದರು. ಹಾಗಂತ ಈ ಸಂಖ್ಯೆಯನ್ನು ಹಿಡಿದು ಕುಣಿಯಲೂ ಬಾರದು. ಜುಲೈನಲ್ಲಿ ಜಪಾನಿನ ಗುಪ್ತ ಸಂದೇಶಗಳನ್ನು ಕದ್ದು ಓದಿದಾಗ, ದಾಳಿ ಆಗಬೇಕಿದ್ದ ಕ್ಯುಶು ದ್ವೀಪಕ್ಕೆ ಪಡೆಯ ಮೇಲೆ ಪಡೆ ಬಂದು ಸೇರುತ್ತಿರುವುದು ಗೊತ್ತಾಗಿತ್ತು. ಅದಕ್ಕೆ ಸ್ವಲ್ಪ ಮೊದಲು ಓಕಿನಾವಾ ಕದನ ಮುಗಿದಿತ್ತು. ಏಪ್ರಿಲಿನಿಂದ ಜೂನ್‌ವರೆಗೆ ಆ ಒಂದು ದ್ವೀಪಕ್ಕಾಗಿ 12,000ಕ್ಕೂ ಜಾಸ್ತಿ ಅಮೆರಿಕನ್ನರು ಸತ್ತರು. ಅಲ್ಲಿನ ಸಾಮಾನ್ಯ ಜನರೇ ಸುಮಾರು ಒಂದು ಲಕ್ಷ ಸತ್ತರು. ಅದನ್ನು ಕಣ್ಣಾರೆ ಕಂಡ ಇಪ್ಪತ್ತು ವರ್ಷದ ಸೈನಿಕ ಬಾಂಬಿನ ಸುದ್ದಿ ಕೇಳಿ ‘ಬದುಕಿದೆ’ ಅಂದುಕೊಂಡಿದ್ದರೆ ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ದಿನಾಂಕ ನೋಡಿ. ಕ್ಯುಶು ಮೇಲಿನ ದಾಳಿ ನಿಗದಿಯಾಗಿದ್ದದ್ದು ನವೆಂಬರ್ 1ಕ್ಕೆ. ಹಿರೋಷಿಮಾದ ಮೇಲೆ ಬಾಂಬ್ ಬಿದ್ದದ್ದು ಆಗಸ್ಟ್ 6ಕ್ಕೆ. ನಡುವೆ ಹೆಚ್ಚುಕಮ್ಮಿ ಮೂರು ತಿಂಗಳಿತ್ತು. ‘ಬಾಂಬ್ ಹಾಕೋಣವೇ, ಇಲ್ಲ ನಮ್ಮ ಹುಡುಗರನ್ನು ದಡಕ್ಕೆ ಇಳಿಸೋಣವೇ’ ಅಂತ ಎರಡು ಚೀಟಿ ಮುಂದಿಟ್ಟುಕೊಂಡು ಯಾರೂ ಕೂತಿರಲಿಲ್ಲ. ಬಾಂಬ್ ಹಾಕುವುದು, ಜಪಾನಿಗೆ ಹಡಗು ಬಾರದಂತೆ ದಿಗ್ಬಂಧನ ಬಿಗಿ ಮಾಡುವುದು, ಊರುಗಳನ್ನು ಸುಡುವುದು, ದಾಳಿಗೆ ತಯಾರಿ ನಡೆಸುವುದು, ಎಲ್ಲ ಒಟ್ಟೊಟ್ಟಿಗೇ ಸಾಗುತ್ತಿದ್ದವು. ‘ಬಾಂಬ್ ಇಲ್ಲವೇ ದಾಳಿ’ ಅನ್ನುವ ತಕ್ಕಡಿಯನ್ನು ಕಟ್ಟಿದ್ದು ಯುದ್ಧ ಮುಗಿದ ಮೇಲೆ.

ಹಾಗಾದರೆ ತೀರ್ಮಾನ ಆದದ್ದು ಯಾವಾಗ? ಈ ಇಡೀ ವಿಷಯದಲ್ಲಿ ನನ್ನ ತಲೆ ತಿಂದ ಪ್ರಶ್ನೆ ಇದೇ. ‘ಅಮೆರಿಕದ ಅಧ್ಯಕ್ಷ ಟ್ರೂಮನ್ ತೀರ್ಮಾನಿಸಿದರು’ ಅಂತ ನಾವೆಲ್ಲ ಸುಲಭವಾಗಿ ಬರೆಯುತ್ತೇವೆ. ನಾನೂ ನೋಟ್ಸಿನಲ್ಲಿ ಹಾಗೇ ಬರೆಸಿದ್ದೇನೆ. ಆ ತೀರ್ಮಾನದ ಕಾಗದ ಹುಡುಕಲು ಹೊರಟರೆ ಮಾತ್ರ ಸಿಗುವುದಿಲ್ಲ. ಟ್ರೂಮನ್ ಕೈಬರಹದ ಚೀಟಿಯೊಂದನ್ನು ತೋರಿಸಿ ‘ಇದೇ ಆಜ್ಞೆ’ ಅನ್ನುವವರಿದ್ದಾರೆ. ‘ತಯಾರಾದಾಗ ಬಿಡುಗಡೆ ಮಾಡಿ, ಆದರೆ ಆಗಸ್ಟ್ 2ಕ್ಕಿಂತ ಮೊದಲು ಬೇಡ’ ಅಂತ ಅದರಲ್ಲಿದೆ. ಓದಿದರೆ ಮೈ ಜುಂ ಅನ್ನುತ್ತದೆ. ಆದರೆ ಅಲ್ಲಿ ಬಿಡುಗಡೆ ಮಾಡಬೇಕಿದ್ದದ್ದು ಬಾಂಬನ್ನಲ್ಲ, ಪತ್ರಿಕಾ ಹೇಳಿಕೆಯನ್ನು!

ನಿಜವಾದ ಆಜ್ಞೆ ಹೊರಟದ್ದು 1945ರ ಜುಲೈ 25ರಂದು, ಸೇನಾ ಮುಖ್ಯಸ್ಥರ ಕಚೇರಿಯಿಂದ ವಾಯುಪಡೆಯ ಜನರಲ್ ಸ್ಪಾಟ್ಜ್ ಅವರಿಗೆ. ಆಗಸ್ಟ್ 3ರ ನಂತರ, ಕಣ್ಣಿಗೆ ಗುರಿ ಕಾಣುವಷ್ಟು ಆಕಾಶ ತಿಳಿಯಾದ ಕೂಡಲೇ, ಹಿರೋಷಿಮಾ, ಕೊಕುರಾ, ನಿಗಾಟಾ, ನಾಗಸಾಕಿ, ಈ ನಾಲ್ಕರಲ್ಲಿ ಒಂದರ ಮೇಲೆ ಮೊದಲ ವಿಶೇಷ ಬಾಂಬ್ ಹಾಕಬೇಕು. ಆಮೇಲಿನ ಬಾಂಬುಗಳನ್ನು ಅವು ತಯಾರಾದ ಹಾಗೇ ಉಳಿದ ಗುರಿಗಳ ಮೇಲೆ ಹಾಕುತ್ತ ಹೋಗಬೇಕು. ಸಾರಾಂಶ ಇಷ್ಟೇ. ಎರಡನೇ ಸಲ ಯಾರನ್ನೂ ಕೇಳಬೇಕಾಗಿಲ್ಲ. ಎಷ್ಟು ಬಾಂಬ್ ಅನ್ನುವ ಮಿತಿಯೂ ಇಲ್ಲ. ನಲ್ಲಿ ತಿರುಗಿಸಿ ಬಿಟ್ಟ ಹಾಗೆ.

ಅದೇ ಜುಲೈ 25ರ ದಿನಚರಿಯಲ್ಲಿ ಟ್ರೂಮನ್ ಏನು ಬರೆದುಕೊಂಡರು ಗೊತ್ತೇ? ಸೈನಿಕ ನೆಲೆಗಳು, ಸೈನಿಕರು, ನಾವಿಕರು ಗುರಿಯಾಗಬೇಕೇ ಹೊರತು ಹೆಂಗಸರು ಮಕ್ಕಳಲ್ಲ ಅಂತ ಸ್ಟಿಮ್ಸನ್ ಅವರಿಗೆ ಹೇಳಿದ್ದೇನೆ ಎಂದು. ಒಂದೇ ದಿನಾಂಕದ ಎರಡು ಬರಹ. ಒಂದರಲ್ಲಿ ನಾಲ್ಕು ಊರುಗಳ ಹೆಸರಿದೆ, ಇನ್ನೊಂದರಲ್ಲಿ ಊರಿನ ಹೆಂಗಸರು ಮಕ್ಕಳು ಗುರಿಯಲ್ಲ ಅಂತಿದೆ. ಅವರು ಸುಳ್ಳು ಬರೆದುಕೊಂಡರೋ, ತಮಗೆ ತಾವೇ ಸಮಾಧಾನ ಹೇಳಿಕೊಂಡರೋ? ನನಗೆ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ. ಬಾಂಬ್ ಯೋಜನೆಯ ಉಸ್ತುವಾರಿ ಹೊತ್ತಿದ್ದ ಜನರಲ್ ಲೆಸ್ಲಿ ಗ್ರೋವ್ಸ್ ನೇರ ಮಾತಿನ ಮನುಷ್ಯ. ಟ್ರೂಮನ್ ಮಾಡಿದ್ದು ನಡೆಯುತ್ತಿದ್ದ ಯೋಜನೆಗೆ ಅಡ್ಡ ಬರದಿರುವ ತೀರ್ಮಾನ ಅಷ್ಟೇ ಅಂತ ಅವರು ಆಮೇಲೆ ಬರೆದರು. ಸುಮಾರು 200 ಕೋಟಿ ಡಾಲರ್ ಸುರಿದು ಕಟ್ಟಿದ ಗಾಡಿ, ಇಳಿಜಾರಿನಲ್ಲಿ ಓಡುತ್ತಿತ್ತು. ಏಪ್ರಿಲಿನಲ್ಲಿ ರೂಸ್‌ವೆಲ್ಟ್ ತೀರಿಕೊಂಡ ಮೇಲೆ ಅಧ್ಯಕ್ಷರಾದ ಟ್ರೂಮನ್ ಬ್ರೇಕ್ ಎಲ್ಲಿದೆ ಅಂತ ಹುಡುಕಲಿಲ್ಲ.

ನಡುವೆ ಬ್ರೇಕ್ ಹಿಡಿಯಲು ನೋಡಿದವರಿದ್ದರು. ಬಾಂಬ್ ಕಟ್ಟಿದ ವಿಜ್ಞಾನಿಗಳಲ್ಲೇ ಒಂದು ಗುಂಪು, ಜೇಮ್ಸ್ ಫ್ರಾಂಕ್ ನೇತೃತ್ವದಲ್ಲಿ, ಮೊದಲು ಜನ ಇಲ್ಲದ ಜಾಗದಲ್ಲಿ ಸಿಡಿಸಿ ತೋರಿಸಿ ಅಂತ ಜೂನ್‌ನಲ್ಲಿ ವರದಿ ಕೊಟ್ಟಿತು. ಲಿಯೊ ಸಿಲಾರ್ಡ್ ಜುಲೈನಲ್ಲಿ ಸುಮಾರು 70 ವಿಜ್ಞಾನಿಗಳ ಸಹಿ ಹಾಕಿಸಿ ಅಧ್ಯಕ್ಷರಿಗೆ ಮನವಿ ಬರೆದರು. ಆದರೆ ಒಪೆನ್‌ಹೈಮರ್, ಫರ್ಮಿ, ಲಾರೆನ್ಸ್, ಕಾಂಪ್ಟನ್ ನಾಲ್ವರ ಸಮಿತಿ, ಯುದ್ಧ ನಿಲ್ಲಿಸುವಂಥ ಪ್ರದರ್ಶನ ಯಾವುದೂ ತಮಗೆ ಹೊಳೆಯುತ್ತಿಲ್ಲ ಅಂತ ಕೈಚೆಲ್ಲಿತು. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಗುರಿ ಹೇಗೆ ಆರಿಸಿದರು ಅಂತ ನೋಡೋಣ. ನಿಮ್ಮ ಮಗಳ ಲೆಕ್ಕ ನಿಜವಾಗಿ ಅಲುಗಾಡುವುದು ಇಲ್ಲಿ. ಮೇ 31ರಂದು ಸ್ಟಿಮ್ಸನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ನಡಾವಳಿ ಇವತ್ತಿಗೂ ಉಳಿದಿದೆ. ಜಪಾನಿಗೆ ಮುನ್ಸೂಚನೆ ಕೊಡುವ ಹಾಗಿಲ್ಲ. ಬರೀ ಸಾಮಾನ್ಯ ಜನರಿರುವ ಜಾಗದ ಮೇಲೆ ಗಮನ ಇಡುವ ಹಾಗಿಲ್ಲ. ಆದರೆ ಆದಷ್ಟು ಜಾಸ್ತಿ ಜನರ ಮನಸ್ಸಿನ ಮೇಲೆ ಆಳವಾದ ಪರಿಣಾಮ ಆಗಬೇಕು. ಮೂರನ್ನೂ ಒಟ್ಟಿಗೇ ಒಪ್ಪಿದರು. ಇದು ಹೇಗೆ ಸಾಧ್ಯ? ಹಾರ್ವರ್ಡ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಜೇಮ್ಸ್ ಕೊನಂಟ್ ದಾರಿ ತೋರಿಸಿದರು. ತುಂಬಾ ಕೆಲಸಗಾರರಿರುವ, ಸುತ್ತ ಒತ್ತಾಗಿ ಕೆಲಸಗಾರರ ಮನೆಗಳಿರುವ ಒಂದು ಮುಖ್ಯ ಯುದ್ಧ ಕಾರ್ಖಾನೆ ಒಳ್ಳೇ ಗುರಿ ಅಂದರು. ಸ್ಟಿಮ್ಸನ್ ಒಪ್ಪಿದರು.

‘ಸುತ್ತ ಒತ್ತಾಗಿ ಕೆಲಸಗಾರರ ಮನೆಗಳಿರುವ’ ಅನ್ನುವ ಮಾತನ್ನು ಮಗಳಿಗೆ ಎರಡು ಸಲ ಓದಿಸಿ. ಕಾರ್ಖಾನೆಗೆ ಬಾಂಬ್ ಹಾಕುವಾಗ ಪಕ್ಕದ ಮನೆಗಳೂ ಹಾಳಾದವು ಅಂದರೆ ಅದು ಒಂದು ಥರ. ಪಕ್ಕದಲ್ಲಿ ಮನೆಗಳಿವೆ ಅನ್ನುವುದಕ್ಕೇ ಆ ಕಾರ್ಖಾನೆಯನ್ನು ಆರಿಸಿದರೆ ಅದು ಇನ್ನೊಂದು ಥರ. ಅದೂ ಕೊನೆಗೆ ಹಿರೋಷಿಮಾದಲ್ಲಿ ಗುರಿ ಇಟ್ಟದ್ದು ಕಾರ್ಖಾನೆಗಲ್ಲ, ಊರಿನ ನಡುಮಧ್ಯದ ಅಯೊಯಿ ಸೇತುವೆಗೆ. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಇರುವ ಸೇತುವೆ, ಆಕಾಶದಿಂದ ಚೆನ್ನಾಗಿ ಕಾಣುತ್ತದೆ. ಊರಲ್ಲಿ ದೊಡ್ಡ ಸೇನಾ ಕಚೇರಿ ಇದ್ದದ್ದು ನಿಜ. ಅಲ್ಲಿದ್ದ ಮೂರೂವರೆ ಲಕ್ಷದಷ್ಟು ಜನರಲ್ಲಿ ಸೈನಿಕರು ಸುಮಾರು 40,000. ಆ ನಾಲ್ಕರಲ್ಲಿ ನಾಗಸಾಕಿ ಬಿಟ್ಟು ಉಳಿದ ಮೂರು ಊರುಗಳ ಮೇಲೆ ಅಲ್ಲಿಯವರೆಗೆ ಸಾಮಾನ್ಯ ಬಾಂಬ್ ಹಾಕದೆ ಬೇಕಂತಲೇ ಕಾದಿಟ್ಟಿದ್ದರು. ಏನೂ ಆಗದ ಊರಾದರೆ ಹೊಸ ಬಾಂಬಿನ ಕೆಲಸ ಎಷ್ಟು ಅಂತ ಸ್ಪಷ್ಟವಾಗಿ ಅಳೆಯಬಹುದಲ್ಲ. ಕ್ಯೋಟೋ ಕೂಡ ಪಟ್ಟಿಯಲ್ಲಿತ್ತು. ಹಳೇ ರಾಜಧಾನಿ, ದೇವಸ್ಥಾನಗಳ ಊರು. 1926ರಲ್ಲಿ ಅಲ್ಲಿಗೆ ಹೋಗಿ ಬಂದಿದ್ದ ಸ್ಟಿಮ್ಸನ್ ಹಟ ಹಿಡಿದು ಅದನ್ನು ತೆಗೆಸಿದರು. ಆಮೇಲೆ ನಾಗಸಾಕಿ ಪಟ್ಟಿಗೆ ಸೇರಿತು.

ಇವರಿಗೆಲ್ಲ ಇಷ್ಟು ಸಲೀಸಾಗಿ ಊರು ಆರಿಸಲು ಹೇಗೆ ಸಾಧ್ಯವಾಯಿತು ಅಂದರೆ, ಕೈ ಆಗಲೇ ಪಳಗಿತ್ತು. ಮಾರ್ಚ್ 9–10ರ ಒಂದೇ ರಾತ್ರಿ ಅಮೆರಿಕದ ವಾಯುಪಡೆಯ ಜನರಲ್ ಕರ್ಟಿಸ್ ಲೆಮೇ ಅವರ ಬಿ-29 ವಿಮಾನಗಳು ಟೋಕಿಯೋ ಮೇಲೆ ಬೆಂಕಿ ಬಾಂಬ್ ಸುರಿದು ಸುಮಾರು ಒಂದು ಲಕ್ಷ ಜನರನ್ನು ಸುಟ್ಟಿದ್ದವು. ಮರ, ಕಾಗದದ ಮನೆಗಳ ಬಡ ಕೇರಿಗಳವು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಬೆಂದ ಊರುಗಳು 60ಕ್ಕೂ ಜಾಸ್ತಿ. ಜೂನ್ 6ರಂದು ಸ್ಟಿಮ್ಸನ್ ತಮ್ಮ ದಿನಚರಿಯಲ್ಲಿ ಟ್ರೂಮನ್ ಜೊತೆ ಆಡಿದ ಮಾತು ಬರೆದಿಟ್ಟಿದ್ದಾರೆ. ಊರು ಸುಡುವುದರ ಬಗ್ಗೆ ತಮಗೆ ಎರಡು ಚಿಂತೆ ಅಂದರಂತೆ. ಒಂದು, ಕ್ರೌರ್ಯದಲ್ಲಿ ಹಿಟ್ಲರನನ್ನೂ ಮೀರಿಸಿದರು ಅನ್ನುವ ಕೆಟ್ಟ ಹೆಸರು ಅಮೆರಿಕಕ್ಕೆ ಬರಬಾರದು. ಇನ್ನೊಂದು, ಹೀಗೇ ಎಲ್ಲ ಸುಟ್ಟುಬಿಟ್ಟರೆ ಹೊಸ ಅಸ್ತ್ರದ ಬಲ ತೋರಿಸಲು ಒಂದು ಒಳ್ಳೇ ಜಾಗವೇ ಉಳಿಯದೆ ಹೋಗಬಹುದು. ಟ್ರೂಮನ್ ನಕ್ಕು, ಅರ್ಥವಾಯಿತು ಅಂದರಂತೆ.

ಸ್ಟಿಮ್ಸನ್ ದುಷ್ಟರಲ್ಲ. ಆ ಗುಂಪಿನಲ್ಲಿ ಮನಸ್ಸಾಕ್ಷಿ ಇದ್ದ ಮುದುಕ ಅವರೇ. ಅವರ ಬಾಯಲ್ಲೇ ಈ ಎರಡು ಚಿಂತೆ ಒಂದೇ ಉಸಿರಿನಲ್ಲಿ ಬಂದವು.

ಕೆಲವು ವರ್ಷಗಳ ಹಿಂದೆ ಹಿರೋಷಿಮಾದ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲೊಂದು ಊಟದ ಡಬ್ಬಿ ಇದೆ. ಆಗ ತಾನೇ ಮಿಡ್ಲ್ ಸ್ಕೂಲ್ ಸೇರಿದ್ದ ಹುಡುಗನದು. ಮುಚ್ಚಳ ಸೊಟ್ಟಗಾಗಿದೆ, ಒಳಗಿನ ಅನ್ನ ಪಲ್ಯ ಹಾಗೇ ಇದ್ದಿಲಾಗಿದೆ. ತಾಯಿ ಮಗನನ್ನು ಹುಡುಕಿಕೊಂಡು ಹೋದಾಗ ಅವನ ಹೆಣದ ಜೊತೆ ಸಿಕ್ಕಿದ್ದು. ನಾನು ಅದರ ಮುಂದೆ ನಿಂತು, ಬೆಳಿಗ್ಗೆ ಎಂಟೂಕಾಲಿಗೆ ಈ ಹುಡುಗ ಊರ ಮಧ್ಯೆ ಏನು ಮಾಡುತ್ತಿದ್ದ ಅಂತ ಯೋಚಿಸಿದೆ. ಶಾಲೆಯಲ್ಲಿ ಇರಬೇಕಿತ್ತಲ್ಲ? ಆವತ್ತು ಅವನಂಥ ಸಾವಿರಾರು ಮಕ್ಕಳನ್ನು ಮನೆ ಕೆಡವುವ ಕೆಲಸಕ್ಕೆ ಕಳಿಸಿದ್ದರು. ಬೆಂಕಿ ಬಾಂಬ್ ಬಿದ್ದರೆ ಬೆಂಕಿ ಹಬ್ಬದಿರಲಿ ಅಂತ ಸಾಲು ಮನೆಗಳನ್ನು ಕೆಡವಿ ಬಯಲು ಮಾಡುವುದು. ಟೋಕಿಯೋದ ಗತಿ ತಮ್ಮ ಊರಿಗೂ ಬರಬಾರದು ಅಂತ ಬಯಲಿಗೆ ಬಂದ ಮಕ್ಕಳು, ಆ ಬಯಲಿನಲ್ಲೇ ಸಿಕ್ಕಿಬಿದ್ದರು. ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿದ ಬಾಂಬ್ ಅದು. ಆ ವರ್ಷದ ಕೊನೆಗೆ ಹಿರೋಷಿಮಾದಲ್ಲಿ ಸತ್ತವರು ಸುಮಾರು 1,40,000.

ಇಷ್ಟು ಕೇಳಿದರೆ ಜಪಾನ್ ಪಾಪ ಅನ್ನಿಸುತ್ತದೆ. ಜನ ಪಾಪವೇ. ಆಳುವವರಲ್ಲ. ಬಾಂಬ್ ವಿರೋಧಿಸುವ ನಮ್ಮಂಥವರು ಇಲ್ಲಿ ಬೇಗ ಬೇಗ ದಾಟಿಬಿಡುತ್ತೇವೆ, ಅದು ಸರಿಯಲ್ಲ. ಜುಲೈನಲ್ಲಿ ಜಪಾನಿನ ವಿದೇಶ ಮಂತ್ರಿ ಟೋಗೋ ರಷ್ಯಾದ ಮೂಲಕ ಸಂಧಾನಕ್ಕೆ ಪ್ರಯತ್ನಿಸುತ್ತಿದ್ದರು. ಮಾಸ್ಕೋದಲ್ಲಿದ್ದ ಅವರದೇ ರಾಯಭಾರಿ ಸಾಟೋ, ಬೇಷರತ್ ಶರಣಾಗತಿ ಅಥವಾ ಅದಕ್ಕೆ ಹತ್ತಿರದ್ದು ಬಿಟ್ಟು ಬೇರೆ ದಾರಿ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ತಂತಿ ಕಳಿಸಿದರು. ಟೋಗೋ ಅದು ಆಗದ ಮಾತು ಅಂದರು. ಜುಲೈ 26ಕ್ಕೆ, ಶರಣಾಗಿ ಅಂತ ಜಪಾನಿಗೆ ಎಚ್ಚರಿಕೆ ಕೊಟ್ಟ ಪೋಟ್ಸ್‌ಡ್ಯಾಮ್ ಘೋಷಣೆ ಬಂತು. ಪ್ರಧಾನಿ ಸುಝುಕಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆಗಸ್ಟ್ 9ರ ಬೆಳಿಗ್ಗೆ ಆರು ಜನರ ಯುದ್ಧ ಮಂಡಳಿ ಟೋಕಿಯೋದಲ್ಲಿ ಕೂತಿತು. ಹಿರೋಷಿಮಾ ಹೋಗಿ ಮೂರು ದಿನವಾಗಿತ್ತು. ಹಿಂದಿನ ರಾತ್ರಿ ರಷ್ಯಾ ಯುದ್ಧ ಸಾರಿ ಜಪಾನ್ ಹಿಡಿದಿದ್ದ ಮಂಚೂರಿಯಾಕ್ಕೆ ನುಗ್ಗಿತ್ತು. ಸಭೆ ನಡೆಯುತ್ತಿರುವಾಗಲೇ ನಾಗಸಾಕಿಯ ಸುದ್ದಿ ಬಂತು. ಆದರೂ ಮತ ಮೂರಕ್ಕೆ ಮೂರು. ಚಕ್ರವರ್ತಿಯನ್ನು ಉಳಿಸಿದರೆ ಸಾಕು ಅಂತ ಮೂವರು. ಸೈನ್ಯವನ್ನು ನಾವೇ ವಿಸರ್ಜಿಸುತ್ತೇವೆ, ಅಪರಾಧಿಗಳನ್ನು ನಾವೇ ವಿಚಾರಿಸುತ್ತೇವೆ, ದೇಶಕ್ಕೆ ನೀವು ಕಾಲಿಡಬೇಡಿ ಅಂತ ಇನ್ನೂ ಮೂರು ಷರತ್ತು ಹಾಕಿದವರು ಉಳಿದ ಮೂವರು. ಕೊನೆಗೆ ಆ ರಾತ್ರಿ ಚಕ್ರವರ್ತಿ ಹಿರೊಹಿಟೋ ಬಾಯಿ ಬಿಟ್ಟ ಮೇಲೆ ಗಂಟು ಸಡಿಲವಾಯಿತು. ಆಗಸ್ಟ್ 15ಕ್ಕೆ ರೇಡಿಯೋದಲ್ಲಿ ಜನರಿಗೆ ಶರಣಾಗತಿ ತಿಳಿಸುವಾಗ ಅವರು ‘ಹೊಸ, ಅತಿ ಕ್ರೂರ ಬಾಂಬ್’ ಅಂದರು. ಎರಡು ದಿನ ಬಿಟ್ಟು ಸೈನಿಕರಿಗೆ ಹೊರಡಿಸಿದ ಆದೇಶದಲ್ಲಿ ಬಾಂಬಿನ ಮಾತಿಲ್ಲ, ರಷ್ಯಾ ಬಂದದ್ದಷ್ಟೇ ಇದೆ. ಬಾಂಬಿಗೆ ಬಗ್ಗಿದರೋ ರಷ್ಯಾಕ್ಕೆ ಬಗ್ಗಿದರೋ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ. ಎರಡೂ ಸೇರಿ ಬಗ್ಗಿಸಿದವು ಅಂತ ನನ್ನ ಅಂದಾಜು. ಅದಕ್ಕಿಂತ ಖಚಿತವಾಗಿ ಹೇಳುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಈ ಜಗಳದಲ್ಲಿ ಒಂದು ಸಂಗತಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಚಕ್ರವರ್ತಿಯನ್ನು ಉಳಿಸುತ್ತೇವೆ ಅಂತ ಮೊದಲೇ ಹೇಳಿಬಿಡಿ, ಜಪಾನ್ ಬೇಗ ಬಗ್ಗುತ್ತದೆ ಅಂತ ಅಮೆರಿಕದ ಹಂಗಾಮಿ ವಿದೇಶ ಮಂತ್ರಿ ಜೋಸೆಫ್ ಗ್ರೂ ಮೇ ತಿಂಗಳಲ್ಲೇ ಹೇಳಿದ್ದರು. ಹತ್ತು ವರ್ಷ ಟೋಕಿಯೋದಲ್ಲಿ ರಾಯಭಾರಿ ಆಗಿದ್ದವರು ಅವರು. ಆ ಮಾತು ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಆದದ್ದೇನು? ಚಕ್ರವರ್ತಿ ಉಳಿದರು. 1989ರಲ್ಲಿ ಸಾಯುವವರೆಗೂ ಅದೇ ಸಿಂಹಾಸನದಲ್ಲಿದ್ದರು. ಮೊದಲು ಕೊಡಲ್ಲ ಅಂದದ್ದನ್ನು ಎರಡು ಊರು ಹೋದ ಮೇಲೆ ಕೊಟ್ಟರು. ಮೇ ತಿಂಗಳಲ್ಲೇ ಕೊಟ್ಟಿದ್ದರೆ ಜಪಾನಿನ ಯುದ್ಧ ಮಂಡಳಿಯ ಆ ಮೂವರು ಒಪ್ಪುತ್ತಿದ್ದರೇ? ಬಹುಶಃ ಇಲ್ಲ. ಆದರೆ ಕೇಳಿಯೇ ನೋಡಲಿಲ್ಲವಲ್ಲ, ಆ ಮಾತು ನನ್ನನ್ನು ಕೊರೆಯುತ್ತದೆ.

‘ಮಾಡಿದ್ದುಣ್ಣೋ ಮಹಾರಾಯ’ ಅನ್ನುವ ವಾದವೂ ಚರ್ಚೆಯಲ್ಲಿ ಬಂದೇ ಬರುತ್ತದೆ. ಚೀನಾದಲ್ಲಿ ಜಪಾನಿ ಸೈನ್ಯ ಮಾಡಿದ್ದನ್ನು ಯಾರೂ ಸಣ್ಣದು ಅನ್ನಲಾರರು. ಅಷ್ಟು ದೂರ ಯಾಕೆ, ನಮ್ಮ ಅಂಡಮಾನ್ 1942ರಿಂದ ಅವರ ಕೈಲಿತ್ತು. 1944ರ ಜನವರಿ 30ರಂದು ಹಂಫ್ರಿಗಂಜ್‌ನಲ್ಲಿ ಗೂಢಚಾರರು ಅಂತ ಶಂಕಿಸಿ 44 ಭಾರತೀಯರನ್ನು ಗುಂಡಿಕ್ಕಿ ಕೊಂದರು. ಯುದ್ಧ ಒಂದೊಂದು ತಿಂಗಳು ಬೆಳೆದ ಹಾಗೂ ಜಪಾನ್ ಹಿಡಿದಿದ್ದ ಏಷ್ಯಾದ ನಾಡುಗಳಲ್ಲಿ ಹಸಿವಿನಿಂದ, ಜೀತದಿಂದ ಜನ ಸಾಯುತ್ತಲೇ ಇದ್ದರು. ಅಮೆರಿಕದ ಸೈನಿಕರನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಇವರು ಬರುವುದೇ ಇಲ್ಲ. ಮಗಳು ಪರವಾಗಿ ಮಾತಾಡುವುದಾದರೆ ಅವಳ ಕೈಲಿರುವ ಗಟ್ಟಿ ವಾದ ಇದು. ಆ ಹತ್ತು ಲಕ್ಷವನ್ನು ಬಿಟ್ಟು ಇದನ್ನು ಹಿಡಿಯಲಿ.

ಆದರೆ ‘ಮಾಡಿದ್ದುಣ್ಣೋ’ ಅನ್ನುವಾಗ ಮಾಡಿದವರು ಯಾರು, ಉಂಡವರು ಯಾರು? ಆವತ್ತು ಹಿರೋಷಿಮಾದಲ್ಲಿ ಸತ್ತವರಲ್ಲಿ ಸಾವಿರಾರು ಕೊರಿಯನ್ನರಿದ್ದರು. ಅವರಲ್ಲಿ ಎಷ್ಟೋ ಮಂದಿ ಬಲವಂತದ ದುಡಿಮೆಗೆ ಜಪಾನ್ ಹಿಡಿದು ತಂದವರು. ಅವರ ಸ್ಮಾರಕವನ್ನು 1970ರಲ್ಲಿ ಕಟ್ಟಿದರು, ಶಾಂತಿ ಉದ್ಯಾನದ ಹೊರಗೆ. ಒಳಗೆ ಜಾಗ ಸಿಕ್ಕಿದ್ದು 1999ಕ್ಕೆ. ಮೊದಲು ಜಪಾನ್ ಕೈಲಿ ನರಳಿ, ಆಮೇಲೆ ಜಪಾನಿಗೆ ಬಿದ್ದ ಶಿಕ್ಷೆಯಲ್ಲಿ ಸತ್ತು, ಸತ್ತ ಮೇಲೂ ಗೇಟಿನ ಹೊರಗೆ ನಿಂತವರು ಇವರು.

ಇನ್ನು ನೀತಿಯ ಮಾತು. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಟ್ರೂಮನ್ ಅವರಿಗೆ ಗೌರವ ಪದವಿ ಕೊಡಲು ಹೊರಟಾಗ, ಎಲಿಝಬೆತ್ ಆನ್ಸ್‌ಕಂ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕಿ ಸಭೆಯಲ್ಲಿ ಎದ್ದು ಬೇಡ ಅಂದರು. ಜೊತೆಗೆ ನಿಂತವರು ಬೆರಳೆಣಿಕೆ. ಅವರೇನೂ ಯುದ್ಧವೇ ಬೇಡ ಅನ್ನುವವರಲ್ಲ. ತಪ್ಪಿಲ್ಲದವರನ್ನು ಕೊಲ್ಲುವುದನ್ನೇ ಒಂದು ಉಪಾಯವಾಗಿ ಆರಿಸಿಕೊಂಡರೆ ಅದು ಕೊಲೆ, ಅಷ್ಟೇ ಅವರ ವಾದ. ಸಾಯುತ್ತಾರೆ ಅಂತ ಗೊತ್ತಿದ್ದೂ ಸೇತುವೆ ಒಡೆಯುವುದು ಬೇರೆ, ಸಾಯಲಿ, ಅದನ್ನು ನೋಡಿ ಅವರ ರಾಜ ಬಗ್ಗಲಿ ಅಂತ ಊರು ಸುಡುವುದು ಬೇರೆ. ಬೇಷರತ್ ಶರಣಾಗತಿಯೇ ಬೇಕು ಅನ್ನುವ ಹಟದಲ್ಲೇ ಎಲ್ಲದರ ಬೇರಿದೆ ಅಂತಲೂ ಅವರು ಹೇಳಿದರು. ಗುರಿ ಇಡುವಾಗ ಬಡವರ ಮನೆಗಳನ್ನು ಎಣಿಸಿಕೊಂಡರು ಅನ್ನುವುದು ಗೊತ್ತಾದ ಮೇಲೆ ನಾನು ಆನ್ಸ್‌ಕಂ ಕಡೆಗೇ ವಾಲಿದೆ.

ಪೂರ್ತಿ ವಾಲಿದೆನೇ? ಇಲ್ಲ. ಯಾಕೆಂದರೆ ಉಳಿದ ದಾರಿಗಳೂ ಚೊಕ್ಕವಾಗಿರಲಿಲ್ಲ. ಬಾಂಬ್ ಬೇಡ, ದಾಳಿ ಬೇಡ, ಬರೀ ದಿಗ್ಬಂಧನ ಸಾಕಿತ್ತು ಅನ್ನುತ್ತಾರೆ. 1946ರಲ್ಲಿ ಅಮೆರಿಕ ಸರ್ಕಾರದ್ದೇ ಬಾಂಬಿಂಗ್ ಸಮೀಕ್ಷೆ, ಅಣುಬಾಂಬ್, ರಷ್ಯಾ ಎರಡೂ ಇಲ್ಲದಿದ್ದರೂ ವರ್ಷದ ಕೊನೆಯೊಳಗೆ ಜಪಾನ್ ಶರಣಾಗುತ್ತಿತ್ತು ಅಂದಿತು. ಆದರೆ ದಿಗ್ಬಂಧನ ಅಂದರೆ ಹಸಿವು. ಜನರಲ್ಲುಗಳ ಮಕ್ಕಳು ಹಸಿವಿನಿಂದ ಸಾಯುವುದಿಲ್ಲ. ಜೊತೆಗೆ ಊರು ಸುಡುವ ಕೆಲಸವೂ ನಿಲ್ಲುತ್ತಿರಲಿಲ್ಲ, ಆಗಸ್ಟ್ 14ರಂದೂ ನೂರಾರು ವಿಮಾನ ಹಾರಿದವು. ಹಾಗಾಗಿ ಹಿರೋಷಿಮಾದ ಬಗ್ಗೆ ನನ್ನ ಮಾತು ಇಷ್ಟು: ಯಾಕೆ ಹಾಗೆ ಮಾಡಿದರು ಅಂತ ನನಗೆ ಅರ್ಥವಾಗುತ್ತದೆ, ಸರಿ ಅನ್ನಲು ಆಗುವುದಿಲ್ಲ.

ನಾಗಸಾಕಿ ಅರ್ಥವೂ ಆಗುವುದಿಲ್ಲ. ಎರಡನೇ ಬಾಂಬಿನ ದಿನ ಆಗಸ್ಟ್ 11 ಅಂತ ಇತ್ತು. ಮುಂದೆ ಮೋಡ ಕವಿಯುವ ಸೂಚನೆ ಇದೆ ಅಂತ 9ಕ್ಕೆ ತಂದರು. ಹಿರೋಷಿಮಾದಲ್ಲಿ ಏನಾಯಿತು ಅಂತ ಟೋಕಿಯೋದವರು ನೋಡಿ, ನಂಬಿ, ಕೂತು ಮಾತಾಡಲು ಸಿಕ್ಕಿದ್ದು ಮೂರೇ ದಿನ. ದಿನ ಹಿಂದೆ ಮುಂದೆ ಮಾಡಿದ್ದು ಹವಾಮಾನ ನೋಡಿ. ವಾಷಿಂಗ್ಟನ್ನಿನಲ್ಲಿ ಅದಕ್ಕಾಗಿ ಯಾರೂ ಮತ್ತೆ ಸಭೆ ಸೇರಲಿಲ್ಲ. ವಿಮಾನ ಹೊರಟದ್ದೂ ನಾಗಸಾಕಿಗಲ್ಲ, ಕೊಕುರಾಕ್ಕೆ. ಅಲ್ಲಿ ಮೋಡವೋ ಹೊಗೆಯೋ ಮುಚ್ಚಿಕೊಂಡು ಗುರಿ ಕಾಣಲಿಲ್ಲ. ಮೂರು ಸಲ ಸುತ್ತು ಹಾಕಿದರು. ಒಂದಿಷ್ಟು ಇಂಧನ ಪಂಪ್ ಕೆಟ್ಟು ಟ್ಯಾಂಕಿನಲ್ಲೇ ಸಿಕ್ಕಿಕೊಂಡಿತ್ತು. ನಾಗಸಾಕಿಗೆ ತಿರುಗಿದರು. ಅಲ್ಲೂ ಮೋಡ. ಕೊನೇ ಗಳಿಗೆಯಲ್ಲಿ ಸಂದಿಯೊಂದು ತೆರೆಯಿತು. ಬಾಂಬ್ ಗುರಿ ತಪ್ಪಿ ಉರಕಾಮಿ ಕಣಿವೆಯ ಮೇಲೆ 11 ಗಂಟೆ 2 ನಿಮಿಷಕ್ಕೆ ಸಿಡಿಯಿತು. ನೂರಾರು ವರ್ಷ ಕದ್ದುಮುಚ್ಚಿ ಧರ್ಮ ಉಳಿಸಿಕೊಂಡು ಬಂದ ಕ್ರೈಸ್ತರ ಕೇರಿ ಅದು. ಅವರ ದೊಡ್ಡ ಚರ್ಚ್ ಒಳಗಿದ್ದವರ ಸಮೇತ ಕುಸಿಯಿತು. ವರ್ಷದ ಕೊನೆಗೆ ಸತ್ತವರು 70,000ಕ್ಕೂ ಹೆಚ್ಚು. ಜಪಾನಿನಲ್ಲಿ ‘ಕೊಕುರಾದ ಅದೃಷ್ಟ’ ಅನ್ನುವ ಮಾತೇ ಹುಟ್ಟಿತು.

ಅದೇ ಆಗಸ್ಟ್ 9ರ ರಾತ್ರಿ ಟ್ರೂಮನ್ ರೇಡಿಯೋದಲ್ಲಿ, ಸಾಮಾನ್ಯ ಜನರ ಸಾವನ್ನು ಆದಷ್ಟು ತಪ್ಪಿಸಲು ಮೊದಲ ಬಾಂಬನ್ನು ಹಿರೋಷಿಮಾ ಎಂಬ ಸೇನಾ ನೆಲೆಯ ಮೇಲೆ ಹಾಕಿದೆವು ಅಂದರು. ಮರುದಿನ ಗ್ರೋವ್ಸ್, ಇನ್ನೊಂದು ಬಾಂಬ್ ಆಗಸ್ಟ್ 17–18ರ ಹೊತ್ತಿಗೆ ಹಾಕಲು ತಯಾರು ಅಂತ ಬರೆದು ಕಳಿಸಿದರು. ಆಗ ಸೇನಾ ಮುಖ್ಯಸ್ಥ ಮಾರ್ಷಲ್ ಅದೇ ಕಾಗದದ ಮೇಲೆ, ಅಧ್ಯಕ್ಷರ ನೇರ ಅನುಮತಿ ಇಲ್ಲದೆ ಇದನ್ನು ಜಪಾನಿನ ಮೇಲೆ ಹಾಕಕೂಡದು ಅಂತ ಷರಾ ಬರೆದರು. ಆವತ್ತಿನ ಮಂತ್ರಿಮಂಡಲದಲ್ಲಿ ಟ್ರೂಮನ್ ಇನ್ನು ಸಾಕು ಅಂದರಂತೆ. ಇನ್ನೊಂದು ಲಕ್ಷ ಜನರನ್ನು ಅಳಿಸಿಹಾಕುವ ಯೋಚನೆಯೇ ಭಯಂಕರ, ‘ಆ ಮಕ್ಕಳನ್ನೆಲ್ಲ’ ಕೊಲ್ಲುವುದು ತಮಗಿಷ್ಟವಿಲ್ಲ ಅಂತ ಅವರು ಹೇಳಿದ್ದನ್ನು ಮಂತ್ರಿ ಹೆನ್ರಿ ವ್ಯಾಲೇಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ನಾನು ಇಷ್ಟು ಹೊತ್ತು ಹುಡುಕುತ್ತಿದ್ದ ತೀರ್ಮಾನ ಇಲ್ಲಿ ಸಿಗುತ್ತದೆ. ಅಣುಬಾಂಬ್ ಬಗ್ಗೆ ಟ್ರೂಮನ್ ತಾವೇ ಮುಂದೆ ಬಂದು ತೆಗೆದುಕೊಂಡ ಸ್ಪಷ್ಟ ತೀರ್ಮಾನ, ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ, ನಿಲ್ಲಿಸುವುದು. ಮಕ್ಕಳು ನೆನಪಾದದ್ದು ಎರಡು ಊರು ಹೋದ ಮೇಲೆ.

ಹಿರೋಷಿಮಾದ ಸ್ಮಾರಕದ ಕಲ್ಲಿನ ಮೇಲೆ ಒಂದು ಸಾಲಿದೆ. 1952ರಲ್ಲಿ ಕೆತ್ತಿದ್ದು. ಕನ್ನಡಕ್ಕೆ ಹೆಚ್ಚುಕಮ್ಮಿ ಹೀಗೆ ಬರುತ್ತದೆ: ‘ನೆಮ್ಮದಿಯಾಗಿ ಮಲಗಿ, ತಪ್ಪು ಮತ್ತೆ ಮಾಡುವುದಿಲ್ಲ.’ ಯಾರು ಮಾಡುವುದಿಲ್ಲ? ಜಪಾನಿ ಮಾತಿನಲ್ಲಿ ಕರ್ತೃವೇ ಇಲ್ಲ. ಇಂಗ್ಲಿಷಿಗೆ ತರುವಾಗ ‘ನಾವು’ ಅಂತ ಸೇರಿಸಲೇಬೇಕಾಯಿತು. ನಮಗೆ ಆ ತೊಂದರೆ ಇಲ್ಲ ನೋಡಿ. ‘ಮಾಡುವುದಿಲ್ಲ’ ಅಂದರೆ ನಾನೂ ಆಗಬಹುದು, ನಾವೂ ಆಗಬಹುದು, ಅವರೂ ಆಗಬಹುದು. ಟೋಕಿಯೋ ಯುದ್ಧಾಪರಾಧ ನ್ಯಾಯಾಲಯದಲ್ಲಿ ಭಿನ್ನ ತೀರ್ಪು ಬರೆದ ನಮ್ಮ ಬಂಗಾಳದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಅದೇ ವರ್ಷ ಅಲ್ಲಿಗೆ ಹೋಗಿದ್ದರು. ಸಾಲು ಕೇಳಿ ಅವರಿಗೆ ಸಿಟ್ಟು ಬಂತು. ಬಾಂಬ್ ಹಾಕಿದವರು ಜಪಾನಿಯರಲ್ಲವಲ್ಲ, ತಪ್ಪು ಯಾರದು ಅಂತ ಕೇಳಿದರು. ಸಾಲು ಬರೆದ ಪ್ರಾಧ್ಯಾಪಕ ತಾದಯೋಶಿ ಸೈಕಾ ತಾವೂ ಆ ಬಾಂಬಿಗೆ ಸಿಕ್ಕಿ ಬದುಕಿದವರು. ಇದು ಎಲ್ಲ ಮನುಷ್ಯರ ಪರವಾಗಿ ಆಡಿದ ಮಾತು ಅಂತ ಅವರು ಉತ್ತರ ಕೊಟ್ಟರು. ಪಾಲ್ ಅವರ ಪ್ರಶ್ನೆಯೂ ನನಗೆ ಸರಿ ಅನ್ನಿಸುತ್ತದೆ, ಸೈಕಾ ಅವರ ಉತ್ತರವೂ.

ಇನ್ನು ಸ್ಪರ್ಧೆಯ ವಿಷಯ. ಪರವಾಗಿ ಮಾತಾಡಬೇಕು ಅಂದಮೇಲೆ ಮಾತಾಡಲಿ, ಅದರಲ್ಲಿ ತಪ್ಪಿಲ್ಲ. ಎದುರಿನ ವಾದವನ್ನು ಗಟ್ಟಿಯಾಗಿ ಆಡಿ ನೋಡುವುದಕ್ಕೇ ಚರ್ಚಾ ಸ್ಪರ್ಧೆ ಇರುವುದು. ಓಕಿನಾವಾ ಹೇಳಲಿ, ಮೂರಕ್ಕೆ ಮೂರು ಮತ ಹೇಳಲಿ, ಏಷ್ಯಾದ ಹಸಿವು ಹೇಳಲಿ. ಹತ್ತು ಲಕ್ಷ ಬೇಡ, ಎದುರು ಕೂತವರು ಓದಿಕೊಂಡು ಬಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾಳೆ. ‘ಹಾಗಾದರೆ ನಾಗಸಾಕಿ ಯಾಕೆ?’ ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀಯ ಅಂತ ಮನೆಯಲ್ಲೇ ಒಮ್ಮೆ ಕೇಳಿ ನೋಡಿ. ಅವಳಿಗೆ ಒಳ್ಳೇ ಉತ್ತರ ಹೊಳೆದರೆ ನನಗೂ ಒಂದು ಸಾಲು ಬರೆದು ತಿಳಿಸಿ. ಮೂವತ್ತು ವರ್ಷದಲ್ಲಿ ನನ್ನ ಹಿಂದಿನ ಬೆಂಚಿನವರು ಯಾರೂ ಹೇಳಲಿಲ್ಲ.